ಕೆಲಸ ಹುಡುಕೋ ಮೊದಲು ನಮಗೆ ಏನು ಬೇಕು ಅಂತ ಗೊತ್ತುಮಾಡಿಕೊಳ್ಳೋದು ಹೇಗೆ? (ಹಾಸನ / ಚಿಕ್ಕಮಗಳೂರು)

ಬೇಲೂರು ಬಿಕಾಂ

ಎಲ್ಲರಿಗೂ ನಮಸ್ಕಾರ. ಬಿ.ಕಾಂ ಆಗಿದೆ, ಅಕೌಂಟ್ಸ್‌ನಲ್ಲಿ ಎರಡು ವರ್ಷದ ಅನುಭವ ಇದೆ, ಟ್ಯಾಲಿ ಮತ್ತು ಜಿಎಸ್‌ಟಿ ಬರುತ್ತೆ. ಮನೆ ಬೇಲೂರು ತಾಲ್ಲೂಕಿನ ಹಳ್ಳಿ. ಮೂರು ಎಕರೆ ರೊಬಸ್ಟಾ ಕಾಫಿ, ಜೊತೆಗೆ ಮೆಣಸು. ಈಗ ಮೂರು ಕಡೆ ಮಾತು ನಡೀತಿದೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಅಕೌಂಟ್ಸ್, ತಿಂಗಳಿಗೆ 18,000. ಬೆಂಗಳೂರಲ್ಲಿ ವರ್ಷಕ್ಕೆ 3.6 ಲಕ್ಷ ಸಿಟಿಸಿ (ನನಗಾಗಿ ಕಂಪನಿ ಮಾಡೋ ಒಟ್ಟು ಖರ್ಚು). ಚಿಕ್ಕಮಗಳೂರು ಹತ್ತಿರದ ರೆಸಾರ್ಟ್‌ನಲ್ಲಿ ಫ್ರಂಟ್ ಆಫೀಸ್ ಮತ್ತು ಬಿಲ್ಲಿಂಗ್, 16,000, ಊಟ ವಸತಿ ಅವರದೇ.

ಮನೇಲಿ ಒಬ್ಬೊಬ್ಬರದು ಒಂದೊಂದು ಮಾತು. ಯಾವುದು ಒಳ್ಳೇದು ಅಂತ ಕೇಳ್ತಿಲ್ಲ. ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ತೀರ್ಮಾನ ಮಾಡೋ ಕ್ರಮ ಯಾವುದು, ಅದನ್ನ ತಿಳಿದವರು ಹೇಳಿ.

ಪೇರೋಲ್ ಮೇಷ್ಟ್ರು

ಮೊದಲು ಮೂರೂ ಅಂಕಿಗಳನ್ನ ಒಂದೇ ಅಳತೆಗೆ ತನ್ನಿ. ನೀವು ಕೊಟ್ಟಿರೋ 18,000 ಗ್ರಾಸ್ (ಕಡಿತಕ್ಕೆ ಮೊದಲಿನ ಸಂಬಳ), 3.6 ಲಕ್ಷ ಸಿಟಿಸಿ. ಇವೆರಡನ್ನ ಪಕ್ಕಪಕ್ಕ ಇಟ್ಟು ನೋಡಿದರೆ ಬೆಂಗಳೂರು ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ.

ಹಾಸನದ್ದು ನೋಡಿ. ಗ್ರಾಸ್ 18,000, ಅದರಲ್ಲಿ ಬೇಸಿಕ್ (ಮೂಲ ವೇತನ) 12,000 ಅಂತ ಇಟ್ಟುಕೊಳ್ಳೋಣ. ನಿಮ್ಮ ಪಾಲಿನ ಪಿಎಫ್ ಬೇಸಿಕ್‌ನ ಶೇ. 12, ಅಂದ್ರೆ 1,440. ಗ್ರಾಸ್ 21,000ದ ಒಳಗೆ ಇರೋದ್ರಿಂದ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಅನ್ವಯಿಸುತ್ತೆ, ನಿಮ್ಮ ಪಾಲು ಶೇ. 0.75, ಅಂದ್ರೆ 135. ವೃತ್ತಿ ತೆರಿಗೆ 25,000 ಮುಟ್ಟಿದ ಮೇಲೆ ಮಾತ್ರ, ಹಾಗಾಗಿ ಅದಿಲ್ಲ. ಕೈಗೆ 16,425. ಇನ್ನು ಇದನ್ನೇ ಸಿಟಿಸಿ ಮಾಡಿ: ಕಂಪನಿ ಪಾಲಿನ ಪಿಎಫ್ 1,440, ಕಂಪನಿ ಪಾಲಿನ ಇಎಸ್‌ಐ ಶೇ. 3.25 ಅಂದ್ರೆ 585, ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡೋ ಇಡುಗಂಟು) ಬೇಸಿಕ್‌ನ ಶೇ. 4.81 ಅಂದ್ರೆ 577. ಎಲ್ಲ ಸೇರಿ ತಿಂಗಳಿಗೆ 20,602, ವರ್ಷಕ್ಕೆ ಸುಮಾರು 2.47 ಲಕ್ಷ. ಹಾಗಾಗಿ ಹೋಲಿಕೆ 2.47ಕ್ಕೂ 3.6ಕ್ಕೂ.

ಬೆಂಗಳೂರಿನ 3.6 ಲಕ್ಷದಲ್ಲಿ ಶೇ. 10 ವೇರಿಯಬಲ್ ಇದ್ದರೆ 36,000 ಪಕ್ಕಕ್ಕಿಡಿ. ಅದು ವರ್ಷದ ಕೊನೆಗೆ, ಕಂಪನಿ ಮತ್ತು ನಿಮ್ಮ ರೇಟಿಂಗ್ ನೋಡಿ ಬರೋದು. ಉಳಿದದ್ದು ತಿಂಗಳಿಗೆ 27,000. ಬೇಸಿಕ್ 15,000 ಆದರೆ ಕಂಪನಿ ಪಿಎಫ್ 1,800, ಗ್ರಾಚ್ಯುಟಿ 722, ಆರೋಗ್ಯ ವಿಮೆಯ ಪ್ರೀಮಿಯಂ ಒಂದು 478 ಅಂತ ಹಿಡಿದರೆ ಗ್ರಾಸ್ 24,000. ನಿಮ್ಮ ಪಿಎಫ್ 1,800 ಹೋಗಿ ಕೈಗೆ 22,200. ಗ್ರಾಚ್ಯುಟಿ ಅಂತ ಸಿಟಿಸಿಯಲ್ಲಿ ತೋರಿಸೋ ಹಣ ಖಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಪೂರೈಸಿದ ಮೇಲೇ ಸಿಗೋದು. ಎರಡು ವರ್ಷಕ್ಕೆ ಬಿಡೋ ಯೋಚನೆ ಇದ್ದರೆ ಅದನ್ನ ಲೆಕ್ಕಕ್ಕೇ ಹಿಡೀಬೇಡಿ.

ರೆಸಾರ್ಟ್: ಗ್ರಾಸ್ 16,000, ಬೇಸಿಕ್ 11,000 ಆದರೆ ಪಿಎಫ್ 1,320, ಇಎಸ್‌ಐ 120, ಕೈಗೆ 14,560.

ಇಷ್ಟಾದ ಮೇಲೆ ಖರ್ಚು ಕಳೀರಿ. ಆದ್ಯತೆ ಕೊಡಬೇಕಾದ್ದು ಸಂಬಳಕ್ಕಲ್ಲ, ತಿಂಗಳ ಕೊನೆಗೆ ಕೈಲಿ ಉಳಿಯೋದಕ್ಕೆ. ಬೆಂಗಳೂರಲ್ಲಿ ಊಟ ಸಹಿತ ಪಿಜಿ 9,000, ಮಧ್ಯಾಹ್ನದ ಊಟ ಕಾಫಿ 2,500, ಓಡಾಟ ಫೋನು 2,000, ಊರಿಗೆ ಬಂದುಹೋಗೋದು 1,500 ಅಂದ್ರೂ ಉಳಿಯೋದು 7,200. ಹಾಸನಕ್ಕೆ ಮನೆಯಿಂದ ಓಡಾಡಿ 1,500 ಖರ್ಚಾದರೆ 14,925. ರೆಸಾರ್ಟಲ್ಲಿ ಅಷ್ಟೇ ಕೈಖರ್ಚು ಕಳೆದರೆ 13,060. ಖರ್ಚಿನ ಅಂಕಿಗಳನ್ನ ನಿಮ್ಮ ಪರಿಸ್ಥಿತಿಗೆ ತಿದ್ದಿಕೊಳ್ಳಿ, ಕ್ರಮ ಇದೇ.

ಯಗಚಿ ತೀರ

ಮೇಷ್ಟ್ರ ಲೆಕ್ಕಕ್ಕೆ ಒಂದು ಸೇರ್ಪಡೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ರಾಜ್ಯದೊಳಗೆ ಸಾರಿಗೆ ಸಂಸ್ಥೆಯ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ ಉಚಿತ, ಬಿಎಂಟಿಸಿ ಸಾಮಾನ್ಯ ಬಸ್ಸೂ ಸೇರಿ. ರಾಜಹಂಸ, ಎಸಿ, ಸ್ಲೀಪರ್ ಇಲ್ಲ. ಹಾಗಾಗಿ ಓಡಾಟದ ಖರ್ಚು ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಬರುತ್ತೆ. ಗಂಡಸರು ತಿಂಗಳ ಪಾಸಿನ ದರವನ್ನ ನಿಲ್ದಾಣದ ಕೌಂಟರಲ್ಲೇ ಕೇಳಿ ಬರೆದುಕೊಳ್ಳಿ.

ಇನ್ನು ಕ್ರಮದ ವಿಷಯ. ಎರಡು ಪಟ್ಟಿ ಬೇಕು, ಒಂದರೊಳಗೆ ಒಂದು ಕಲಸಬಾರದು. ಮೊದಲನೇದು "ಇದಿಲ್ಲದಿದ್ರೆ ಆಗೋದೇ ಇಲ್ಲ". ಅದರಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಸಾಲು. ಐದು ದಾಟಿದರೆ ನಮ್ಮ ಜಿಲ್ಲೆಗಳಲ್ಲಿ ಆ ಜರಡಿ ದಾಟೋ ಕೆಲಸ ಒಂದೂ ಉಳಿಯಲ್ಲ, ಆಮೇಲೆ ನೀವೇ ಒಂದೊಂದು ಸಾಲು ಅಳಿಸುತ್ತಾ ಬರ್ತೀರಿ. ಅಳಿಸೋಕೆ ಆಗೋದು ಮೊದಲಿಂದಲೂ ಆ ಪಟ್ಟಿಗೆ ಸೇರಿದ್ದಲ್ಲ.

ಆ ಪಟ್ಟಿಯ ಸಾಲು ಹೌದು-ಇಲ್ಲ ಅಂತ ಉತ್ತರ ಬರೋ ಹಾಗಿರಬೇಕು. "ಒಳ್ಳೆ ವಾತಾವರಣ ಇರಬೇಕು" ಅಂದರೆ ಪರೀಕ್ಷೆ ಮಾಡೋಕಾಗಲ್ಲ. "ಸಂಜೆ ಕೆಲಸ ಬಿಟ್ಟ ಮೇಲೆ ಊರಿಗೆ ಕೊನೆ ಬಸ್ ಸಿಗಬೇಕು", "ಪಿಎಫ್ ನನ್ನ ಹೆಸರಿನ ಯುಎಎನ್‌ಗೆ (ಪಿಎಫ್ ಸಂಖ್ಯೆಗೆ) ಪ್ರತಿ ತಿಂಗಳು ಬೀಳಬೇಕು", "ಮೂಲ ಅಂಕಪಟ್ಟಿ ಕೇಳಬಾರದು". ಇಂಥವಾದ್ರೆ ಒಂದು ಫೋನ್ ಕರೆಯಲ್ಲಿ ಗೊತ್ತಾಗುತ್ತೆ. ಬೇರೆ ಎಲ್ಲ ಎರಡನೇ ಪಟ್ಟಿಗೆ. ಅದು "ಇದ್ದರೆ ಒಳ್ಳೇದು, ಇಲ್ಲದಿದ್ರೆ ಬದಲಿಗೆ ಏನು ಬೇಕು" ಅನ್ನೋ ಪಟ್ಟಿ.

ಅರೇಹಳ್ಳಿ ರೋಡು

ಕೊನೆ ಬಸ್ಸಿನ ಮಾತು ಬಂತಲ್ಲ, ಅದರ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ಹಾಸನದಿಂದ ಬೇಲೂರಿಗೆ 40 ಕಿ.ಮೀ. ಒಳಗೇ. ಅದಕ್ಕೆ ಜನ "ಒಂದು ಗಂಟೆ" ಅಂತ ಬರೆದುಬಿಡ್ತಾರೆ. ಒಂದು ಗಂಟೆ ಬಸ್ ಸ್ಟ್ಯಾಂಡಿಂದ ಬಸ್ ಸ್ಟ್ಯಾಂಡಿಗೆ. ಹಳ್ಳಿಯಿಂದ ಬೇಲೂರಿಗೆ ಬರೋದು, ಕಾಯೋದು, ಹಾಸನದಲ್ಲಿ ಇಳಿದು ಇನ್ನೊಂದು ಬಸ್ಸೋ ಶೇರ್ ಆಟೋನೋ ಹಿಡಿಯೋದು ಎಲ್ಲ ಸೇರಿಸಿದ್ರೆ ಹೋಗೋದಕ್ಕೆ ಒಂದೂವರೆ ಗಂಟೆ, ದಿನಕ್ಕೆ ಮೂರು. 26 ದಿನಕ್ಕೆ 78 ಗಂಟೆ. ದಿನಕ್ಕೆ ಎಂಟು ಗಂಟೆ ಲೆಕ್ಕದಲ್ಲಿ ಹತ್ತು ದಿನದ ದುಡಿಮೆಗೆ ಹತ್ತಿರ.

ಅಳೆಯೋದು ಹೀಗೆ: ಒಂದು ಸೋಮವಾರ, ಒಂದು ವಾರದ ನಡುವಿನ ದಿನ, ಶಿಫ್ಟ್ ಶುರುವಾಗೋ ಹೊತ್ತಿಗೆ ಗೇಟಿನ ಮುಂದೆ ನಿಲ್ಲೋ ಹಾಗೆ ಮನೆಯಿಂದ ಹೊರಡಿ. ಭಾನುವಾರ ಹೋಗಿ ನೋಡಿದರೆ ಉಪಯೋಗ ಇಲ್ಲ, ಶಾಲೆ ಕಾಲೇಜಿನ ರಶ್ ಇರಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಇನ್ನೊಂದು ಅರ್ಧ ಗಂಟೆ ಸೇರಿಸಿ. ಸಕಲೇಶಪುರ, ಮೂಡಿಗೆರೆ ಕಡೆಯವರಾದ್ರೆ ಮರ ಬಿದ್ದು ರಸ್ತೆ ನಿಲ್ಲೋ ದಿನಗಳನ್ನೂ ಲೆಕ್ಕಕ್ಕೆ ಹಿಡೀಬೇಕು. ಕಂಪನಿ ವ್ಯಾನ್ ಇದೆ ಅಂದ್ರೆ ಯಾವ ಸ್ಟಾಪ್‌ವರೆಗೆ, ಓವರ್‌ಟೈಮ್ ಮಾಡಿದ ದಿನವೂ ಬಿಡ್ತಾರಾ ಅಂತ ಕೇಳಿ. ಅಲ್ಲೇ ಹೆಚ್ಚು ಜನ ಎಡವೋದು.

ಘಟ್ಟದ ಮೇಲೆ

ಎರಡನೇ ಪಟ್ಟಿಗೆ ಅಂಕ ಕೊಡೋ ಕ್ರಮ ಹೇಳ್ತೀನಿ. ಒಟ್ಟು 100 ಅಂಕ, ಅದನ್ನ ಸಾಲುಗಳಿಗೆ ಹಂಚಬೇಕು. ಎಲ್ಲಕ್ಕೂ 20-20 ಹಂಚಿದರೆ ಆದ್ಯತೆ ಗೊತ್ತುಮಾಡಿದ ಹಾಗೇ ಆಗಲಿಲ್ಲ.

ಹಂಚೋವಾಗ "ಸಂಬಳ ಮುಖ್ಯವಾ, ಕಲಿಕೆ ಮುಖ್ಯವಾ" ಅಂತ ಕೇಳಿಕೊಳ್ಳಬೇಡಿ, ಎರಡೂ ಮುಖ್ಯ ಅಂತಲೇ ಉತ್ತರ ಬರುತ್ತೆ. ನಿಮ್ಮ ಮುಂದಿರೋ ಕೆಲಸಗಳಲ್ಲಿ ಅತಿ ಕಡಿಮೆಗೂ ಅತಿ ಹೆಚ್ಚಿಗೂ ಇರೋ ಅಂತರ ನೋಡಿ. ಕೈಲಿ ಉಳಿಯೋದು 7,200ರಿಂದ 14,925. ಓಡಾಟ ಸೊನ್ನೆಯಿಂದ ಮೂರು ಗಂಟೆ. ಎಲ್ಲ ಸಾಲಲ್ಲೂ ಕನಿಷ್ಠದಲ್ಲೇ ಇದ್ದೀರಿ ಅಂದುಕೊಳ್ಳಿ, ಒಂದನ್ನ ಮಾತ್ರ ಗರಿಷ್ಠಕ್ಕೆ ಏರಿಸೋ ಅವಕಾಶ ಇದೆ. ಯಾವುದನ್ನ ಏರಿಸ್ತೀರಿ? ಅದಕ್ಕೇ ಹೆಚ್ಚು ಅಂಕ. ಎಲ್ಲ ಕಡೆ ಒಂದೇ ಥರ ಇರೋ ವಿಷಯಕ್ಕೆ ಅದು ಎಷ್ಟೇ ಮುಖ್ಯ ಆದ್ರೂ ಅಂಕ ಸೊನ್ನೆ. ಮೂರೂ ಕಡೆ ಪಿಎಫ್ ಇದ್ದರೆ ಪಿಎಫ್‌ಗೆ 15 ಅಂಕ ಇಟ್ಟು ಪ್ರಯೋಜನ ಇಲ್ಲ.

ಇನ್ನೊಂದು ತಪ್ಪು, ಒಂದನ್ನೇ ಎರಡು ಸಲ ಎಣಿಸೋದು. "ಮನೆ ಹತ್ತಿರ", "ಓಡಾಟದ ಖರ್ಚು", "ಓಡಾಟದ ಸಮಯ" ಅಂತ ಮೂರು ಸಾಲು ಹಾಕ್ತಾರೆ. ಖರ್ಚು ಆಗಲೇ ಉಳಿಕೆಯಲ್ಲಿ ಸೇರಿದೆ. ಸಮಯ ಒಂದು ಸಾಲು, ಮನೆಗೆ ಬೇಕಾದಾಗ ಸಿಗೋದು ಇನ್ನೊಂದು, ಅಷ್ಟೇ.

ಅಂಕ ಹಂಚಿದ ಪಟ್ಟಿಗೆ ತಾರೀಖು ಹಾಕಿ ಮನೇಲಿ ಒಬ್ಬರ ಹತ್ರ ಕೊಟ್ಟಿಡಿ. ಆಫರ್ ಲೆಟರ್ ಬಂದ ಮೇಲೆ ಹಂಚಿದರೆ, ಮನಸ್ಸು ಆಗಲೇ ಒಂದನ್ನ ಆರಿಸಿರುತ್ತೆ, ಅಂಕಗಳು ಅದರ ಹಿಂದೆ ಹೋಗ್ತವೆ.

ಲೆಡ್ಜರ್

ಅಕೌಂಟ್ಸ್‌ನವರಿಗೆ ರಜೆಯ ಸಾಲನ್ನ ತಾರೀಖಿನ ಪ್ರಕಾರ ಬರೀಬೇಕು. ತಿಂಗಳ ಗಡುವು ಹೀಗಿವೆ: 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ), 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ (ಈ ಎರಡೂ ಜಿಎಸ್‌ಟಿ ರಿಟರ್ನ್). ತಿಂಗಳಿಗೊಮ್ಮೆ ಸಲ್ಲಿಸೋ ಕಂಪನಿಯಾದ್ರೆ 20ರವರೆಗೆ ರಜೆ ಕೇಳೋದು ಕಷ್ಟ, 21ರಿಂದ ತಿಂಗಳ ಕೊನೆ ತನಕ ಸಿಗುತ್ತೆ. ರೊಬಸ್ಟಾ ಕೊಯ್ಲು ಜನವರಿ ಫೆಬ್ರವರಿಯಲ್ಲಿ, ಅದರ ಕೊನೇ ಹತ್ತು ದಿನಕ್ಕೆ ಹೊಂದಿಸಿಕೊಳ್ಳಬಹುದು. ಮೆಣಸು ಮಾರ್ಚ್‌ಗೆ ಬಿದ್ದರೆ ವರ್ಷದ ಲೆಕ್ಕ ಮುಗಿಸೋ ಹೊತ್ತು, ಅದಕ್ಕೆ ಮನೆಯವರು ಬೇರೆ ವ್ಯವಸ್ಥೆ ಮಾಡಿಕೊಳ್ಳಲೇಬೇಕು. ಈ ಮಾತನ್ನ ಸಂದರ್ಶನದಲ್ಲೇ ನೇರವಾಗಿ ಹೇಳಿ. ಹಾಸನದ ಕಡೆ ಕಂಪನಿಗಳಿಗೆ ಕೊಯ್ಲು ಅಂದ್ರೆ ಏನು ಅಂತ ವಿವರಿಸಬೇಕಾಗಿಲ್ಲ.

ರೆಸಾರ್ಟ್‌ನಲ್ಲಿ ಇದು ತಿರುಗುಮುರುಗು. ಶನಿವಾರ ಭಾನುವಾರ, ದಸರಾ, ಡಿಸೆಂಬರ್ ಕೊನೇ ವಾರ, ಸಂಕ್ರಾಂತಿ ಮತ್ತು ಗಣರಾಜ್ಯೋತ್ಸವಕ್ಕೆ ಅಂಟಿಕೊಂಡ ವಾರಾಂತ್ಯ, ಇವೆಲ್ಲ ಅವರಿಗೆ ತುಂಬಿದ ದಿನ. ವಾರದ ರಜೆ ಮಂಗಳವಾರವೋ ಬುಧವಾರವೋ ಬರುತ್ತೆ. ಮದುವೆ, ಜಾತ್ರೆ, ಕೊಯ್ಲು ಯಾವುದಕ್ಕೂ ಹೊಂದಲ್ಲ. ಆದ್ರೆ ಮಳೆಗಾಲದ ನಡುವಾರದಲ್ಲಿ ರಜೆ ಧಾರಾಳ.

ಕಲಿಕೆಯ ಸಾಲಿಗೂ ಇದೇ ಥರ ಗಟ್ಟಿ ಪ್ರಶ್ನೆ ಬೇಕು. ಒಂದು ವರ್ಷ ಕಳೆದ ಮೇಲೆ ರೆಸ್ಯೂಮ್‌ನಲ್ಲಿ ಯಾವ ಹೊಸ ಸಾಲು ಬರೀಬಹುದು? ವೋಚರ್ ಎಂಟ್ರಿ ಮಾತ್ರ ಕೊಡ್ತಾರಾ, ಬ್ಯಾಂಕ್ ರಿಕನ್ಸಿಲಿಯೇಶನ್ (ನಮ್ಮ ಲೆಕ್ಕಕ್ಕೂ ಬ್ಯಾಂಕ್ ಲೆಕ್ಕಕ್ಕೂ ತಾಳೆ ನೋಡೋದು), ಜಿಎಸ್‌ಟಿ ಸಲ್ಲಿಕೆ, ಸ್ಟಾಕ್ ಲೆಕ್ಕ, ಆಡಿಟ್‌ಗೆ ಶೆಡ್ಯೂಲ್ ತಯಾರಿ ಕೊಡ್ತಾರಾ? ದೊಡ್ಡ ಕಂಪನಿಯಲ್ಲಿ ಒಬ್ಬರಿಗೆ ಒಂದೇ ತುಂಡು ಕೆಲಸ ಸಿಗೋದುಂಟು, ಚಿಕ್ಕದರಲ್ಲಿ ಎಲ್ಲವೂ ಒಬ್ಬರ ಮೇಲೇ ಬೀಳುತ್ತೆ. ಬೆಂಗಳೂರು ಅಂದಕೂಡಲೇ ಕಲಿಕೆಗೆ ಹತ್ತಕ್ಕೆ ಒಂಬತ್ತು ಹಾಕಬೇಡಿ, ಯಾವ ಡೆಸ್ಕು ಅಂತ ಕೇಳಿ ಹಾಕಿ.

ಶಿಫ್ಟ್ ಬಿ

ಇದೆಲ್ಲ ಅನುಭವ ಇರೋರಿಗೆ ಸರಿ. ಈ ವರ್ಷ ಡಿಪ್ಲೊಮಾನೋ ಡಿಗ್ರಿನೋ ಮುಗಿಸಿದವರಿಗೆ ತಮಗೆ ಏನು ಇಷ್ಟ ಅಂತಲೇ ಗೊತ್ತಿರಲ್ಲ. ಅಂಥವರು 100 ಅಂಕ ಹಂಚಿದರೆ ಅದು ಅಪ್ಪನ ಅಂಕ, ಇಲ್ಲ ಗೆಳೆಯರ ಅಂಕ.

ಅವರಿಗೆ ನಾನು ಹೇಳೋದು: ಬೇಡದ್ದನ್ನ ಮಾತ್ರ ಬರೆದುಕೊಳ್ಳಿ. ರಾತ್ರಿ ಶಿಫ್ಟ್ ಆಗಲ್ಲ, ಟಾರ್ಗೆಟ್ ಸೇಲ್ಸ್ ಆಗಲ್ಲ, ಎರಡು ವರ್ಷದ ಬಾಂಡ್ (ನಡುವೆ ಬಿಡೋ ಹಾಗಿಲ್ಲ ಅನ್ನೋ ಕರಾರು) ಆಗಲ್ಲ, ಅಷ್ಟು. ಮಿಕ್ಕದ್ದನ್ನ ಅಪ್ರೆಂಟಿಸ್‌ಶಿಪ್‌ನಲ್ಲಿ ತಿಳಿದುಕೊಳ್ಳಿ. ಪದವಿ, ಡಿಪ್ಲೊಮಾ ಆದವರಿಗೆ ಸರ್ಕಾರದ ನ್ಯಾಟ್ಸ್ ಅನ್ನೋ ಅಪ್ರೆಂಟಿಸ್‌ಶಿಪ್ ಪೋರ್ಟಲ್ ಇದೆ, ಐಟಿಐನವರಿಗೆ ಬೇರೆ ಪೋರ್ಟಲ್. ಸ್ಟೈಪೆಂಡ್ ಕಮ್ಮಿ, ಆದರೆ ಅವಧಿ ಮೊದಲೇ ಗೊತ್ತಿರುತ್ತೆ, ಸರ್ಟಿಫಿಕೇಟ್ ಸಿಗುತ್ತೆ, ಯಾವ ಥರದ ಕೆಲಸ ಒಗ್ಗುತ್ತೆ ಅನ್ನೋದು ಕಂಡುಬರುತ್ತೆ.

ಘಟ್ಟದ ಮೇಲೆ

ಶಿಫ್ಟ್ ಬಿ ಅವರ ಮಾತು ಒಪ್ಪಿದೆ, ಹೊಸಬರಿಗೆ ಬೇಡದ್ದರ ಪಟ್ಟಿಯೇ ಮೇಲು. ಆದರೆ ಉಳಿಕೆಯ ಲೆಕ್ಕವನ್ನ ಅವರೂ ಮಾಡಲೇಬೇಕು.

ಜಯನಗರ ರೀಡಿಂಗ್ ರೂಮ್

ಕೆಪಿಎಸ್‌ಸಿ, ಕೆಇಎ ಪರೀಕ್ಷೆಗೆ ಓದ್ತಾ ಕೆಲಸ ಹುಡುಕೋರು ಇಲ್ಲಿ ತುಂಬ ಜನ ಇದ್ದಾರೆ. ಅವರಿಗೆ ಓದುವ ಹೊತ್ತು ಮೊದಲ ಪಟ್ಟಿಗೆ ಸೇರಬೇಕು, ಎರಡನೇದಕ್ಕಲ್ಲ. "ದಿನಕ್ಕೆ ಎರಡು ಗಂಟೆ, ಬೆಳಿಗ್ಗೆ" ಅಂತ ನಿಖರವಾಗಿ ಬರೀರಿ. ಶಿಫ್ಟ್ ವಾರವಾರ ಬದಲಾಗೋ ಕೆಲಸದಲ್ಲಿ ಓದೋ ಅಭ್ಯಾಸ ಮುರಿದುಹೋಗುತ್ತೆ, ಸಂಬಳ ಎರಡು ಸಾವಿರ ಹೆಚ್ಚಿದ್ರೂ ಅದು ಬೇಡ. ಜೊತೆಗೆ ಒಂದು ಕೊನೆ ತಾರೀಖು ಇಟ್ಟುಕೊಳ್ಳಿ. ಅಧಿಸೂಚನೆಯಲ್ಲಿ ನಿಮ್ಮ ವರ್ಗಕ್ಕೆ ಕೊಟ್ಟಿರೋ ಗರಿಷ್ಠ ವಯಸ್ಸು ನೋಡಿ, ಅದಕ್ಕೆ ಎಷ್ಟು ವರ್ಷ ಇದೆ ಅಂತ ಎಣಿಸಿ. ಆ ತಾರೀಖಿನ ತನಕ ಕಲಿಕೆಯ ಅಂಕ ಇಳಿಸಿ ಸಮಯದ ಅಂಕ ಏರಿಸಬಹುದು. ದಾಟಿದ ಮೇಲೆ ಪೂರಾ ಹೊಸದಾಗಿ ಹಂಚಬೇಕು.

ಯಗಚಿ ತೀರ

ಮನೆಯವರ ಮಾತಿನ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಅವರ ಅಭಿಪ್ರಾಯ ಕೇಳೋ ಬದಲು ಅವರ ಅಗತ್ಯವನ್ನ ಕೇಳಿ. "ಬೆಂಗಳೂರಿಗೆ ಹೋಗ್ಲಾ" ಅಂದ್ರೆ ಜಗಳ. "ಮನೆಗೆ ತಿಂಗಳಿಗೆ ಎಷ್ಟು ಬೇಕು, ಯಾವ ತಿಂಗಳು ನಾನು ಇರಲೇಬೇಕು, ಆಸ್ಪತ್ರೆ ಓಡಾಟ ಯಾರದು" ಅಂದ್ರೆ ಅಂಕಿ ಸಿಗುತ್ತೆ, ತಿಂಗಳು ಸಿಗುತ್ತೆ. ಇಎಸ್‌ಐ ಬಗ್ಗೆ ಮನೇಲಿ ಹೇಳಿ. ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ಸಿಗುವ ಅವಕಾಶ ಇದೆ, ನಿಮಗೆ ಕಾಯಿಲೆ ಆದರೆ ಅರ್ಹತೆ ಇದ್ದಲ್ಲಿ 91 ದಿನದವರೆಗೆ ವೇತನದ ಶೇ. 70ರಷ್ಟು ಭತ್ಯೆಯೂ ಇದೆ. ಹಾಸನದ 18,000ಕ್ಕೆ ಇದು ಸೇರಿದೆ, ಬೆಂಗಳೂರಿನ 24,000 ಗ್ರಾಸ್‌ಗೆ ಇಲ್ಲ. ಅಲ್ಲಿ ಗ್ರೂಪ್ ವಿಮೆ ಇದ್ದರೆ ಅದರಲ್ಲಿ ತಂದೆತಾಯಿ ಸೇರಿದ್ದಾರಾ ಅಂತ ಕೇಳಬೇಕು.

ಬೇಲೂರು ಬಿಕಾಂ

ಎಲ್ಲರಿಗೂ ತುಂಬ ಧನ್ಯವಾದ. ಮೊದಲ ಪಟ್ಟಿಗೆ ಕೊನೆ ಬಸ್/ವಸತಿ, ಪಿಎಫ್, ಬಾಂಡ್ ಇಲ್ಲದಿರೋದು ಹಾಕಿದೆ. ಮೂರೂ ದಾಟಿವೆ. ಎರಡನೇದಕ್ಕೆ ಹೀಗೆ ಹಂಚಿದೆ: ಕಲಿಕೆ 35, ಉಳಿಕೆ 30, ಓಡಾಟದ ಸಮಯ 20, ಕೊಯ್ಲು ಮತ್ತು ಮನೆಗೆ ಸಿಗೋದು 15. ಪ್ರತಿ ಕೆಲಸಕ್ಕೆ ಹತ್ತಕ್ಕೆ ಇಷ್ಟು ಅಂತ ಹಾಕಿ ಗುಣಿಸಿದೆ.

ಹಾಸನ: ಕಲಿಕೆ 6, ಉಳಿಕೆ 10, ಓಡಾಟ 0, ಮನೆ 6. ಒಟ್ಟು 600.
ಬೆಂಗಳೂರು: 9, 2, 3, 3. ಒಟ್ಟು 480.
ರೆಸಾರ್ಟ್: 3, 8, 10, 1. ಒಟ್ಟು 560.

ಉಳಿಕೆಗೆ 5,000 ಅಂದ್ರೆ 0, 15,000 ಅಂದ್ರೆ 10 ಅಂತ ಅಳತೆ ಇಟ್ಟೆ. ಓಡಾಟಕ್ಕೆ ಮೂರು ಗಂಟೆ 0, ಮನೆ ಬಾಗಿಲಲ್ಲೇ ಕೆಲಸ ಆದ್ರೆ 10. ಸರಿ ಇದೆಯಾ?

ಘಟ್ಟದ ಮೇಲೆ

ಗುಣಾಕಾರ ಸರಿ ಇದೆ. ಅಳತೆಯ ಎರಡು ತುದಿ ಬರೆದು ಇಟ್ಟಿದ್ದು ತುಂಬ ಒಳ್ಳೇದಾಯ್ತು, ಅದಿಲ್ಲದೆ ಹತ್ತಕ್ಕೆ ಏಳು ಅನ್ನೋದಕ್ಕೆ ಅರ್ಥ ಇರಲ್ಲ.

ಈಗ ಅಲ್ಲಾಡಿಸಿ ನೋಡಿ. ಕಲಿಕೆಗೆ 50, ಉಳಿಕೆಗೆ 20, ಉಳಿದೆರಡಕ್ಕೆ 15-15 ಕೊಟ್ಟರೆ ಹಾಸನ 590, ಬೆಂಗಳೂರು 580, ರೆಸಾರ್ಟ್ 475. ಹತ್ತು ಅಂಕದ ವ್ಯತ್ಯಾಸಕ್ಕೆ ಬೆಲೆ ಇಲ್ಲ, ಅವೆರಡು ಸಮ ಅಂತಲೇ ತಿಳೀರಿ. ಹಾಗಾಗಿ ನಿಮ್ಮ ತೀರ್ಮಾನ ನಿಂತಿರೋದು ಹಾಸನದ ಕಲಿಕೆ ನಿಜವಾಗಿ 6 ಹೌದಾ ಅನ್ನೋದರ ಮೇಲೆ. ಅಲ್ಲಿ ವೋಚರ್ ಎಂಟ್ರಿ ಮಾತ್ರ ಅಂತ ತಿಳಿದು ಅದು 3ಕ್ಕೆ ಇಳಿದರೆ ನಿಮ್ಮ ಮೊದಲ ಹಂಚಿಕೆಯಲ್ಲೇ ಹಾಸನ 495ಕ್ಕೆ ಬರುತ್ತೆ, ರೆಸಾರ್ಟ್ ಮುಂದೆ ಹೋಗುತ್ತೆ. ಬೇರೆ ಯಾವುದನ್ನೂ ಇನ್ನು ಕೆದಕಬೇಡಿ, ಅದೊಂದನ್ನ ಗಟ್ಟಿ ಮಾಡಿಕೊಳ್ಳಿ.

ಓಡಾಟದ ಸೊನ್ನೆ ನೋಡಿ ಹಾಸನದಲ್ಲಿ ರೂಮ್ ಮಾಡೋ ಯೋಚನೆ ಬರಬಹುದು. ಬಾಡಿಗೆ, ಊಟ ಸೇರಿ ಎಂಟು ಸಾವಿರ ಹೋದರೆ ಉಳಿಕೆ 10ರಿಂದ 2ಕ್ಕೆ ಇಳಿಯುತ್ತೆ, ಓಡಾಟ 0ಯಿಂದ 8ಕ್ಕೆ ಏರುತ್ತೆ. ನಿಮ್ಮ ಅಂಕ ಹಂಚಿಕೆಗೆ ಅದು ನಷ್ಟದ ವ್ಯಾಪಾರ.

ಹಾಸನ ಎಚ್‌ಆರ್

ನೇಮಕಾತಿ ಮಾಡೋರ ಕಡೆಯಿಂದ ಕೆಲವು ಮಾತು. ನೌಕರಿ, ಲಿಂಕ್ಡ್‌ಇನ್ ಪ್ರೊಫೈಲ್‌ನಲ್ಲಿ ನಿರೀಕ್ಷಿತ ಸಂಬಳ ವರ್ಷದ ಸಿಟಿಸಿ ಲೆಕ್ಕದಲ್ಲಿ ಹಾಕೋದು ರೂಢಿ. ಅಲ್ಲಿ ಕೈಗೆ ಬರೋ ಮೊತ್ತವನ್ನ ಹನ್ನೆರಡರಿಂದ ಗುಣಿಸಿ ಹಾಕಿದವರು ತಾವೇ ಕಮ್ಮಿ ಕೇಳಿದ ಹಾಗೆ. ನಿಮಗೆ ಹಾಸನದಲ್ಲಿ ಗ್ರಾಸ್ 18,000 ಬೇಕಾದ್ರೆ 2.5 ಲಕ್ಷ ಅಂತ ಹಾಕಿ. ಸ್ಥಳಕ್ಕೆ ಹಾಸನ, ಚಿಕ್ಕಮಗಳೂರು ಮಾತ್ರ ಇಡಿ. ಹೋಗೋ ಮನಸ್ಸಿಲ್ಲದೆ ಬೆಂಗಳೂರು ಸೇರಿಸಿದರೆ ದಿನವಿಡೀ ಕರೆ ಬರುತ್ತೆ, ಅದರ ನಡುವೆ ಇಲ್ಲಿನ ಕರೆ ತಪ್ಪಿಹೋಗುತ್ತೆ. ನಮ್ಮ ಕಡೆ ಎಷ್ಟೋ ಹುದ್ದೆ ಪೋರ್ಟಲ್‌ಗೆ ಬರೋದೇ ಇಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯ ಮೇಳ, ಆಡಿಟರ್ ಆಫೀಸು, ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ನೇರವಾಗಿ ವಿಚಾರಿಸೋದೂ ಇಟ್ಟುಕೊಳ್ಳಿ.

ಕಲಿಕೆ ಬಗ್ಗೆ ತಿಳಿಯೋಕೆ ಸಂದರ್ಶನದಲ್ಲಿ "ಗ್ರೋತ್ ಇದೆಯಾ" ಅಂತ ಕೇಳಬೇಡಿ, ಇದೆ ಅಂತಲೇ ಹೇಳ್ತಾರೆ. ಹೀಗೆ ಕೇಳಿ: "ಈ ಜಾಗದಲ್ಲಿ ಮೊದಲು ಇದ್ದವರು ಈಗ ಏನು ಮಾಡ್ತಿದ್ದಾರೆ ಸರ್? ಜಿಎಸ್‌ಟಿ ರಿಟರ್ನ್ ಇಲ್ಲೇ ಸಲ್ಲಿಸ್ತೀರಾ, ಆಡಿಟರ್ ಕಡೆ ಕಳಿಸ್ತೀರಾ? ಅಕೌಂಟ್ಸ್‌ನಲ್ಲಿ ಒಟ್ಟು ಎಷ್ಟು ಜನ?" ಸಲ್ಲಿಕೆ ಹೊರಗಿನ ಆಡಿಟರ್ ಮಾಡ್ತಾರೆ, ಒಳಗೆ ಎಂಟ್ರಿ ಮಾತ್ರ ಅಂದ್ರೆ ಉತ್ತರ ಸಿಕ್ಕ ಹಾಗೆ.

ಸಂಬಳದ ಪತ್ರ ಯಾವ ಕಂಪನಿ ಹೆಸರಲ್ಲಿ ಬರುತ್ತೆ ಅಂತಲೂ ಕೇಳಿ. ಏಜೆನ್ಸಿ ಮೂಲಕವಾದ್ರೆ ಯುಎಎನ್‌ಗೆ ಹಣ ಬೀಳ್ತಿದೆಯಾ ಅಂತ ಎರಡನೇ ತಿಂಗಳೇ ಇಪಿಎಫ್‌ಒ ಪಾಸ್‌ಬುಕ್‌ನಲ್ಲಿ ನೋಡಿ. ಸೇರೋಕೆ ಡೆಪಾಸಿಟ್ಟು, ಯೂನಿಫಾರ್ಮಿಗೆ ಅಡ್ವಾನ್ಸು, ಟ್ರೇನಿಂಗ್ ಫೀಸು ಅಂತ ಹಣ ಕೇಳಿದರೆ ಅಲ್ಲಿಗೇ ಬಿಡಿ. ಈಗ ಕೆಲಸದಲ್ಲಿದ್ದರೆ ಅಲ್ಲಿ ನೋಟಿಸ್ ಅವಧಿ ಎಷ್ಟು ದಿನ ಅಂತ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ, ಅದಕ್ಕೆ ತಕ್ಕ ಸೇರೋ ತಾರೀಖು ಹೇಳಿ. ಹೊಸ ಕಂಪನಿಯ ಆಫರ್ ಸಹಿಯಾಗಿ ಇಮೇಲ್‌ಗೆ ಬರೋ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.